ಹಳೆಯ ಜಿಪ್ಸಿ ಎವರೇಜ್ ಕೊಡದಿದ್ದಾಗ: ಹುಬ್ಬಳ್ಳಿಯ ಕಾರವಾರ ರಸ್ತೆಯ ಗ್ಯಾರೇಜೊಂದರ ತಪಾಸಣೆ

ಹುಬ್ಬಳ್ಳಿಯಲ್ಲಿ ಮಿಸ್ತ್ರಿಗಳಿಗೆ ಬರವಿಲ್ಲ. ಆದರೆ ‘ಗಾಡಿ ಎವರೇಜ್ ಕೊಡವಲ್ದು’ ಎಂದ ತಕ್ಷಣ ಸ್ಕ್ರೂಡ್ರೈವರ್ ಹಿಡಿದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿಗೆ ಕೈಹಾಕದೆ, ಮೊದಲು ಅಳೆದು ಆಮೇಲೆ ಬಿಚ್ಚುವವರು ವಿರಳ. ಕಾರವಾರ ರಸ್ತೆಯಿಂದ ಒಳಗಿನ ಓಣಿಯೊಂದರಲ್ಲಿ, ತಗಡಿನ ಚಾವಣಿಯ ಕೆಳಗೆ, ಬೋರ್ಡು ಸಹ ಇಲ್ಲದೆ ನಡೆಯುತ್ತಿರುವ ಸಣ್ಣ ಗ್ಯಾರೇಜು ಅಂಥ ವಿರಳ ಜಾಗಗಳಲ್ಲಿ ಒಂದು. ನನ್ನ ಜಿಪ್ಸಿ ಕಿಂಗ್, 1.3 ಲೀಟರಿನ ಕಾರ್ಬುರೇಟರ್ ಎಂಜಿನ್ನಿನದು, ಲೀಟರಿಗೆ ಏಳು ಕಿಲೋಮೀಟರ್ ದಾಟದೆ ಹೋದಾಗ ಅಲ್ಲಿಗೆ ಒಯ್ದೆ. ಮಾರುತಿ ಕಂಪನಿ 2019ರ ಹೊತ್ತಿಗೆ ಜಿಪ್ಸಿಯನ್ನು ಸಾರ್ವಜನಿಕರಿಗೆ ಮಾರುವುದನ್ನು ನಿಲ್ಲಿಸಿರುವುದರಿಂದ, ಇರುವ ಗಾಡಿಗಳನ್ನು ಸರಿಯಾಗಿ ಉಳಿಸಿಕೊಳ್ಳಬೇಕೆನ್ನುವವರಿಗೆ ಇಂಥ ಕಡೆಗಳ ಕೆಲಸ ಹೇಗಿದೆ ಎಂದು ತಿಳಿದಿರಬೇಕು.

ಮಿಸ್ತ್ರಿಯವರು ಬಾನೆಟ್ ತೆಗೆಯುವ ಮೊದಲೇ ‘ಎವರೇಜ್ ಹ್ಯಾಂಗ ತಗದೀರಿ?’ ಎಂದು ಕೇಳಿದರು. ನಂತರ ಬಗ್ಗಿ ಟೈರಿನ ಮೇಲಿನ ಅಂಕಿ ಓದಿದರು. ಕಂಪನಿಯ ಅಳತೆ 205/70 ಆರ್ 15 (ಮಿಲಿಮೀಟರಿನಲ್ಲಿ ಅಗಲ, ಅಗಲದ ಶೇಕಡಾ ಲೆಕ್ಕದಲ್ಲಿ ಪಕ್ಕದ ಎತ್ತರ, ಇಂಚಿನಲ್ಲಿ ರಿಮ್ಮಿನ ವ್ಯಾಸ). ನನ್ನ ಗಾಡಿಗೆ ಹಾಕಿದ್ದು 235/75 ಆರ್ 15. ಮೊದಲನೆಯದರ ವ್ಯಾಸ ಸುಮಾರು 668 ಮಿಲಿಮೀಟರ್, ಎರಡನೆಯದರದು ಸುಮಾರು 733. ಓಡೋಮೀಟರಿಗೆ ಗಾಲಿ ಎಷ್ಟು ಸುತ್ತು ತಿರುಗಿತೆಂಬುದಷ್ಟೇ ಗೊತ್ತಾಗುವುದರಿಂದ, ದೊಡ್ಡ ಟೈರಿನಲ್ಲಿ ಅದು ನೂರು ಕಿಲೋಮೀಟರ್ ತೋರಿಸಿದಾಗ ಗಾಡಿ ನಿಜವಾಗಿ ನೂರಾಹತ್ತರ ಹತ್ತಿರ ಓಡಿರುತ್ತದೆ. ಹಾಗಾಗಿ ಮೀಟರಿನ ಲೆಕ್ಕದ ಏಳು, ನಿಜದಲ್ಲಿ ಏಳೂಮುಕ್ಕಾಲಿಗೆ ಸಮೀಪ. ಇಷ್ಟರಿಂದ ದೋಷ ಇಲ್ಲವೆಂದಾಗುವುದಿಲ್ಲ. ಭಾರವಾದ ಟೈರು ಸಣ್ಣ ಎಂಜಿನ್ನಿಗೆ ಹೊರೆಯೇ. ಆದರೂ ಎಷ್ಟು ಕಡಿಮೆಯಾಗಿದೆ ಎಂಬುದೇ ಖಚಿತವಿಲ್ಲದೆ ಕಾರಣ ಹುಡುಕಲು ಹೊರಡುವುದು ವ್ಯರ್ಥ ಶ್ರಮ ಎಂಬ ಅವರ ನಿಲುವು ನನಗೆ ಪೂರ್ತಿ ಒಪ್ಪಿಗೆಯಾಯಿತು.

ಅಳತೆಗೆ ಅವರು ಆರಿಸುವುದು ಗದಗ ರಸ್ತೆಯನ್ನು. ಧಾರವಾಡದ ಕಡೆ ಏರು, ಸಿಗ್ನಲ್ಲು, ವಾಹನದಟ್ಟಣೆ ಎಲ್ಲ ಇವೆ. ಅಣ್ಣಿಗೇರಿಯ ಕಡೆಗಾದರೆ ಎರೆಹೊಲಗಳ ನಡುವೆ ಹೆಚ್ಚೂಕಡಿಮೆ ಸಮತಟ್ಟಾದ ದಾರಿ. ಒಂದೇ ಬಂಕಿನಲ್ಲಿ, ಒಂದೇ ಪಂಪಿನ ಮುಂದೆ, ನಾಝಲ್ ತಾನಾಗಿ ಮೊದಲ ಸಲ ನಿಲ್ಲುವವರೆಗೆ ಪೆಟ್ರೋಲ್ ತುಂಬಿಸಿ, ಹೋಗಿ ಬಂದು, ಮತ್ತೆ ಹಾಗೆಯೇ ತುಂಬಿಸಬೇಕು. ಆಷಾಢದ ಗಾಳಿ ಜೋರಾಗಿರುವಾಗ ಅವರು ಈ ಪರೀಕ್ಷೆ ಮಾಡುವುದಿಲ್ಲ. ಪೆಟ್ಟಿಗೆಯಂತೆ ನೆಟ್ಟಗೆ ನಿಂತಿರುವ ಜಿಪ್ಸಿಯ ಮೈ ಗಾಳಿಯೊಂದಿಗೆ ಗುದ್ದಾಡುತ್ತಲೇ ಅರ್ಧ ಪೆಟ್ರೋಲ್ ಕುಡಿದುಬಿಡುತ್ತದೆ ಎನ್ನುತ್ತಾರೆ.

‘ಕಾರ್ಬುರೇಟರ್ ಕಡೀಗೆ ನೋಡೂಣ್ರಿ ಸರ, ಮೊದಲ ಗಾಲಿ ಹಗೂರ ತಿರಗತಾವೋ ಇಲ್ಲೋ ನೋಡೂಣು’ ಎಂದು ನಾಲ್ಕೂ ಗಾಲಿಗಳನ್ನು ಒಂದೊಂದಾಗಿ ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿದರು. ಮುಂದಿನ ಎಡಗಾಲಿ ಅರ್ಧ ಸುತ್ತಿಗೇ ಕರಕರ ಎಂದು ನಿಂತಿತು. ಬಿಚ್ಚಿದಾಗ ಬ್ರೇಕ್ ಪ್ಯಾಡ್ ಒಂದು ಕಡೆ ಓರೆಯಾಗಿ ಸವೆದಿತ್ತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿದಾಡುವ ಪಿನ್ನಿನಲ್ಲಿ ಗ್ರೀಸು ಒಣಗಿ, ಎರೆಮಣ್ಣಿನ ಧೂಳು ಸೇರಿ ಗಟ್ಟಿ ಹೆಪ್ಪುಗಟ್ಟಿತ್ತು. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಹಿಡಿದುಕೊಂಡೇ ಇರುತ್ತಿತ್ತು. ಇಂಥದ್ದನ್ನು ಕಾರ್ಬುರೇಟರಿನ ಯಾವ ಸ್ಕ್ರೂ ತಿರುಗಿಸಿದರೂ ಸರಿಪಡಿಸಲಾಗದು.

ಎಂಜಿನ್ನಿನ ತಪಾಸಣೆಯೇ ಈ ಗ್ಯಾರೇಜಿನ ನಿಜವಾದ ಬಲ. ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಗೆ) ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಜೋಡಿಸಿ, ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡಲಿನಲ್ಲಿ ಮುಳ್ಳನ್ನು ಗಮನಿಸುತ್ತಾರೆ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಪಾದರಸದ 17ರಿಂದ 21 ಇಂಚು ತೋರಿಸಬೇಕೆಂಬುದು ರೂಢಿಯ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದು ಇಂಚು ಕಳೆಯಬೇಕು. ಹುಬ್ಬಳ್ಳಿ ಎರಡು ಸಾವಿರ ಅಡಿಗಿಂತ ಮೇಲಿರುವುದರಿಂದ ಇಲ್ಲಿ ಹದಿನಾರು ಬಂದರೂ ಹೆದರಬೇಕಿಲ್ಲ ಎಂಬುದನ್ನು ಅವರು ವಿವರಿಸಿದ್ದು ನನಗೆ ಬಹಳ ಹಿಡಿಸಿತು. ಮುಳ್ಳು ನಡುಗದೆ ನಿಂತಿದ್ದರಿಂದ ವಾಲ್ವುಗಳ ಮೇಲಿನ ಅನುಮಾನ ಅಲ್ಲಿಗೇ ಬಿಟ್ಟಿತು. ಮುಂದೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ, ಎಳೆತಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುವ ವ್ಯಾಕ್ಯೂಮ್ ಅಡ್ವಾನ್ಸಿನ ಸಣ್ಣ ಪೈಪನ್ನು ಕಿತ್ತು, ಬಾಯಿಂದ ಗಾಳಿ ಎಳೆದು, ತುದಿಗೆ ನಾಲಿಗೆ ಒತ್ತಿ ಹಿಡಿದರು. ಒಳಗಿನ ರಬ್ಬರ್ ಪರದೆ ಸರಿಯಿದ್ದರೆ ನಾಲಿಗೆ ಅಂಟಿಕೊಂಡೇ ಇರಬೇಕು. ಇಲ್ಲಿ ತಕ್ಷಣ ಬಿಟ್ಟುಕೊಂಡಿತು. ಪರದೆ ಹರಿದಿತ್ತು. ಸಮವೇಗದಲ್ಲಿ ಹೋಗುವಾಗ ಆಕ್ಸಿಲರೇಟರ್ ಸ್ವಲ್ಪವೇ ತೆರೆದಿರುತ್ತದೆ, ಸಿಲಿಂಡರಿನೊಳಗಿನ ಮಿಶ್ರಣ ತೆಳುವಾಗಿದ್ದು ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಕಿಡಿ ಸ್ವಲ್ಪ ಮುಂಚೆಯೇ ಬೀಳಬೇಕು. ಆ ಕೆಲಸ ಮಾಡುವ ಪರದೆಯೇ ಹರಿದರೆ ಕಿಡಿ ತಡವಾಗಿ, ಪಿಸ್ಟನ್ನನ್ನು ತಳ್ಳಬೇಕಾದ ಶಾಖ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಐಡಲಿನಲ್ಲಿ ಗಾಡಿ ಚೆನ್ನಾಗಿಯೇ ಇರುವುದರಿಂದ ಬೇರೆ ಗ್ಯಾರೇಜುಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ಹಿಂದೆಂದೋ ತೆಗೆದುಹಾಕಿದ್ದೂ ಪತ್ತೆಯಾಯಿತು. ಬಿಸಿಲೂರಿನಲ್ಲಿ ಎಂಜಿನ್ ಬಿಸಿಯಾಗಬಾರದೆಂದು ಹಾಗೆ ಮಾಡುವುದುಂಟು, ಆದರೆ ಎಂಜಿನ್ ತಣ್ಣಗೇ ಓಡಿದರೆ ಪೆಟ್ರೋಲ್ ಸರಿಯಾಗಿ ಆವಿಯಾಗದು. ಕೊನೆಯಲ್ಲಿ ಕಾರ್ಬುರೇಟರ್ ತೆರೆದಾಗ, ಹಿಂದೆ ಯಾರೋ ತಂತಿ ಚುಚ್ಚಿ, ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತನ್ನೇ ಹಿಗ್ಗಿಸಿದ್ದರು. ಪ್ಲಗ್ಗುಗಳು ಮಸಿಗಟ್ಟಿದ್ದಕ್ಕೆ ಕಾರಣ ಅದೇ. ಜೆಟ್ ಬದಲಾಯಿತು.

ಈಗ ಗಾಡಿ, ಟೈರಿನ ಲೆಕ್ಕ ಸರಿಪಡಿಸಿ ನೋಡಿದರೆ, ಅದೇ ರಸ್ತೆಯಲ್ಲಿ ಹತ್ತೂವರೆಯ ಆಸುಪಾಸು ಕೊಡುತ್ತಿದೆ. ಇದಕ್ಕಿಂತ ಹೆಚ್ಚಿನ ಆಸೆ ಬೇಡ ಎಂದೂ ಅವರೇ ಹೇಳಿದರು. ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ ಆದ್ದರಿಂದ, ಪ್ರತಿ ಲೀಟರಿನಲ್ಲಿ ಶೇ. 6–7ರಷ್ಟು ಶಕ್ತಿ ಮೊದಲೇ ಕಡಿಮೆ. ಹಳೆಯ ರಬ್ಬರ್ ಪೈಪುಗಳನ್ನೂ ಅದು ಹಾಳುಮಾಡಬಹುದೆಂದು ಇಂಧನದ ಪೈಪುಗಳನ್ನೆಲ್ಲ ಬದಲಿಸಿದರು. ಇದು ನಾನು ಕೇಳದೆಯೇ ಆದ ಕೆಲಸ, ಆದರೆ ಮಾಡುವ ಮೊದಲು ಫೋನ್ ಮಾಡಿ ಒಪ್ಪಿಗೆ ಪಡೆದರು.

ಕೊರತೆಗಳೂ ಇವೆ. ಗಾಡಿಯನ್ನು ಅವರ ಬಳಿ ಬಿಟ್ಟುಬರಲೇಬೇಕು. ಅಡ್ವಾನ್ಸ್ ಯುನಿಟ್ಟಿನಂಥ ಬಿಡಿಭಾಗ ಹೊರ ಊರಿನಿಂದ ಬರುವವರೆಗೆ ಕಾಯಬೇಕು. ಏನೇನು ಅಳೆದರು, ಎಷ್ಟು ಬಂತು ಎಂಬುದನ್ನು ಬರೆದುಕೊಡುವುದಿಲ್ಲ, ಕೇಳಿ ನಾವೇ ಬರೆದುಕೊಳ್ಳಬೇಕು. ಇಷ್ಟು ಒಳ್ಳೆಯ ಕೆಲಸಕ್ಕೆ ಒಂದು ಹಾಳೆಯ ದಾಖಲೆ ಇರಲೇಬೇಕಿತ್ತು. ತಪಾಸಣೆಯ ಕೂಲಿಯನ್ನು ರಿಪೇರಿಯಿಂದ ಬೇರೆಯಾಗಿಯೇ ತೆಗೆದುಕೊಳ್ಳುತ್ತಾರೆ, ಅದು ನ್ಯಾಯವೇ. 2000ದ ನಂತರದ, ಕಾರ್ಬುರೇಟರ್ ಬದಲು ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಜಿಪ್ಸಿ ಇದ್ದವರಾದರೆ ಗಾಲಿ, ಬ್ರೇಕು, ಥರ್ಮೋಸ್ಟಾಟ್ ಮಟ್ಟಿಗೆ ಇಲ್ಲಿಗೆ ಬರಬಹುದು. ಸೆನ್ಸಾರುಗಳನ್ನು ಪರೀಕ್ಷಿಸುವ ಉಪಕರಣ ಇಲ್ಲಿಲ್ಲ, ಅದಕ್ಕೆ ಬೇರೆ ಕಡೆಗೇ ಹೋಗಬೇಕು.