ಕೃತ್ತಿಕೆಗೆ ಲೆನ್ಸೋ, ದೂರದರ್ಶಕವೋ?

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಊಟ ಮುಗಿಸಿ ಮನೆಯವರೆಲ್ಲ ಊರಿಗೆ ಮರಳಿದರು. ನಾನು ಅಲ್ಲೇ ಉಳಿದೆ. ವಿಜಯಪುರದಿಂದ ಇಂಡಿಗೆ ಹೋಗುವ ರಸ್ತೆಯ ಮಗ್ಗುಲಿನ ಎರೆ ಹೊಲ, ಎದೆಯೆತ್ತರದ ಬಿಳಿಜೋಳ, ಚಂದ್ರನಿಲ್ಲದ ಆಕಾಶ. ಕೃತ್ತಿಕೆಯ ಹೆಸರಿನ ಮಳೆ ಬರುವ ಮೇ ತಿಂಗಳಲ್ಲಿ ಸೂರ್ಯನೇ ಆ ನಕ್ಷತ್ರದಲ್ಲಿರುವುದರಿಂದ ಕೃತ್ತಿಕೆ ಕಣ್ಣಿಗೆ ಬೀಳುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತದೆ.

ಆ ರಾತ್ರಿಯೂ ಮುಂದಿನ ಎರಡು ಅಮಾವಾಸ್ಯೆಗಳಲ್ಲೂ ಕೃತ್ತಿಕೆಯಂಥ ನಕ್ಷತ್ರಗುಚ್ಛಗಳ ಚಿತ್ರ ತೆಗೆಯಲು ಒಂದೇ ಕ್ಯಾಮೆರಾವನ್ನು ಮೂರು ರೀತಿಯಲ್ಲಿ ಬಳಸಿ ನೋಡಿದೆ: ಬರಿಯ ಟ್ರೈಪಾಡ್ ಮೇಲೆ 50 ಮಿ.ಮೀ. ಲೆನ್ಸ್, ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಸಣ್ಣ ಟ್ರ್ಯಾಕರ್ ಮೇಲೆ 200 ಮಿ.ಮೀ. ಲೆನ್ಸ್, ಮತ್ತು ಗೆಳೆಯನಿಂದ ತಂದ 130 ಮಿ.ಮೀ. ಕನ್ನಡಿಯ, 650 ಮಿ.ಮೀ. ನಾಭಿದೂರದ ನ್ಯೂಟೋನಿಯನ್ ದೂರದರ್ಶಕ.

50 ಮಿ.ಮೀ. ಲೆನ್ಸನ್ನು ಯಾರೂ ಹಗುರವಾಗಿ ಕಾಣಬಾರದು. ಆಕಾಶ ಸೆಕೆಂಡಿಗೆ 15 ಕೋನ ಸೆಕೆಂಡುಗಳಷ್ಟು (ಒಂದು ಕೋನ ಸೆಕೆಂಡು ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಜರುಗುವುದರಿಂದ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಹಾಗಾಗಿ ಐದೈದು ಸೆಕೆಂಡಿನ ಮುನ್ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದೆ. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಿಂದ ಕೃತ್ತಿಕೆಯಲ್ಲಿ 36 ನಕ್ಷತ್ರಗಳನ್ನು ಬಿಡಿಸಿದ್ದ. ಈ ಪುಟ್ಟ ಲೆನ್ಸಿನಲ್ಲಿ ನಾನು ಅದಕ್ಕಿಂತ ಹೆಚ್ಚು ಎಣಿಸಿದೆ. ಕೃತ್ತಿಕೆ ಮತ್ತು ರೋಹಿಣಿಯ ಸುತ್ತಲಿನ ಹಯಾಡಿಸ್ ಗುಚ್ಛ ಎರಡೂ ಒಂದೇ ಚೌಕಟ್ಟಿನಲ್ಲಿ ಬಂದವು. ಉಳಿದೆರಡು ಸಾಧನಗಳಿಂದ ಆಗದ ಕೆಲಸ ಇದು. ಆದರೆ ಕೃತ್ತಿಕೆಯ ನೀಲಿ ಮಬ್ಬು ಇದರಲ್ಲಿ ಮೂಡಲಿಲ್ಲ, ಗುಚ್ಛ ಹೆಬ್ಬೆರಳಿನ ಉಗುರಿನಷ್ಟೇ ಉಳಿಯಿತು.

ದೂರದರ್ಶಕದ ಮೇಲೆ ನನಗೆ ದೊಡ್ಡ ಆಸೆ ಇತ್ತು. ಅದನ್ನು ನಿಲ್ಲಿಸುವುದೇ ಒಂದು ಗಂಟೆಯ ಕೆಲಸ: ಆಕಾಶದ ಜೊತೆ ತಿರುಗುವ ಸ್ಟ್ಯಾಂಡಿನ ಅಕ್ಷವನ್ನು ಧ್ರುವನಕ್ಷತ್ರದ ಕಡೆ ಹೂಡಬೇಕು. ನಮ್ಮ ಅಕ್ಷಾಂಶ ಸುಮಾರು 17 ಡಿಗ್ರಿ; ಧ್ರುವನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಚಳಿಗಾಲದ ಧೂಳು ಮತ್ತು ಹೊಗೆಯ ಪದರದೊಳಗೆ ಇರುತ್ತದೆ. ನಗರದ ಉತ್ತರಕ್ಕಿರುವ ಹೊಲ ಆರಿಸಿಕೊಂಡದ್ದು ಇದೇ ಕಾರಣಕ್ಕೆ: ದೀಪಗಳ ಬೆಳಕು ಬೆನ್ನ ಹಿಂದೆ ಬೀಳುತ್ತದೆ. ಅಷ್ಟಾದರೂ ಬಯಲ ಗಾಳಿ ಬೀಸಿದಾಗಲೆಲ್ಲ ಕೊಳವೆ ಅಲುಗಿತು, ಮೂರರಲ್ಲಿ ಒಂದು ಚಿತ್ರ ಕೈಬಿಡಬೇಕಾಯಿತು. ಕೃತ್ತಿಕೆ ನೆತ್ತಿ ದಾಟುವಾಗ ಕೊಳವೆಯ ಕೆಳತುದಿ ಸ್ಟ್ಯಾಂಡಿನ ಕಾಲಿಗೆ ತಾಗುವಂತಾಗಿ, ಅದನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಮೊದಲಿನಿಂದ ಗುರಿ ಹಿಡಿದೆ. ಅಂಚಿನ ನಕ್ಷತ್ರಗಳಿಗೆಲ್ಲ ಬಾಲ ಬಂದಿತ್ತು; ಅದನ್ನು ಸರಿಪಡಿಸುವ ಗಾಜು ನನ್ನಲ್ಲಿರಲಿಲ್ಲ. ಎಲ್ಲಕ್ಕಿಂತ ಮನಸ್ಸಿಗೆ ಒಗ್ಗದ್ದು ಚೌಕಟ್ಟು. ಎರಡು ಡಿಗ್ರಿ ಅಗಲದೊಳಗೆ ಕೃತ್ತಿಕೆ ಗೋಡೆಯಿಂದ ಗೋಡೆಗೆ ಒತ್ತಿಕೊಂಡಿತು. ಸುತ್ತ ಬರಿಯ ಕತ್ತಲು ಇದ್ದರೆ ಮಾತ್ರ ಗುಚ್ಛ ಗುಚ್ಛವಾಗಿ ಕಾಣುತ್ತದೆ, ಇಲ್ಲವಾದರೆ ಅದು ಚೆಲ್ಲಿದ ಚುಕ್ಕೆಗಳು.

ಅದೇ ದೂರದರ್ಶಕವನ್ನು ಮಿಥುನದ ಕಾಲ ಬಳಿಯ ಎಂ35 ಎಂಬ ಗುಚ್ಛಕ್ಕೆ ತಿರುಗಿಸಿದಾಗ ನನ್ನ ತಕರಾರೆಲ್ಲ ನಿಂತಿತು. ಪಕ್ಕದಲ್ಲೇ ಎನ್‌ಜಿಸಿ 2158 ಇದೆ, ಸುಮಾರು ನಾಲ್ಕು ಪಟ್ಟು ದೂರದ, ಬಹಳ ಹಳೆಯ ಗುಚ್ಛ. 200 ಮಿ.ಮೀ. ಲೆನ್ಸಿನಲ್ಲಿ ಅದು ಒರೆಸಿದ ಕಲೆಯಂತಿತ್ತು. ಇಲ್ಲಿ ರಂಗೋಲಿ ಪುಡಿಯ ಚಿಟಿಕೆಯಂತೆ ಕಾಳು ಕಾಳಾಗಿ ಬಿಡಿಸಿಕೊಂಡಿತು.

ಇನ್ನು 200 ಮಿ.ಮೀ. ಲೆನ್ಸ್. ಟ್ರ್ಯಾಕರ್ ಹೂಡಲು ಹದಿನೈದು ನಿಮಿಷ ಸಾಕು. ಫೋಕಸ್ ಮಾತ್ರ ಸತಾಯಿಸುತ್ತದೆ. ರಟ್ಟಿನಲ್ಲಿ ಓರೆ ಸೀಳುಗಳನ್ನು ಕೊಯ್ದು ಬಾಹ್ತಿನೋವ್ ಮಾಸ್ಕ್ ಮಾಡಿಕೊಂಡು ರೋಹಿಣಿಯ ಕಡೆ ಹಿಡಿದರೆ ನಕ್ಷತ್ರಕ್ಕೆ ಮೂರು ಕಿರಣಗಳು ಮೂಡುತ್ತವೆ. ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ನಡುವಿನ ಕಿರಣ ಉಳಿದೆರಡರ ಸರಿಮಧ್ಯಕ್ಕೆ ಬರುವವರೆಗೆ ಉಸಿರು ಬಿಗಿಹಿಡಿಯಬೇಕು. ಮೊದಲ ರಾತ್ರಿ ಹತ್ತರ ನಂತರ ಚಳಿ ಹೆಚ್ಚಿ ಫೋಕಸ್ ಜಾರಿ, ನಲವತ್ತು ಚಿತ್ರಗಳಲ್ಲಿ ನಕ್ಷತ್ರಗಳು ಊದಿಕೊಂಡಿದ್ದವು. ಅಲ್ಲಿಂದ ಉಂಗುರಕ್ಕೆ ಟೇಪ್ ಸುತ್ತುತ್ತೇನೆ, ಅರ್ಧ ಗಂಟೆಗೊಮ್ಮೆ ಮಾಸ್ಕ್ ಹಿಡಿದು ನೋಡುತ್ತೇನೆ.

ಫಲ ಆ ಕಷ್ಟಕ್ಕೆ ತಕ್ಕುದಾಗಿತ್ತು. ಮೂವತ್ತು ಸೆಕೆಂಡಿನ 120 ಚಿತ್ರಗಳು, ಒಟ್ಟು ಒಂದು ಗಂಟೆಯ ಬೆಳಕು. ಕೃತ್ತಿಕೆಯ ಮೆರೋಪೆ ನಕ್ಷತ್ರದ ಸುತ್ತ ನೀಲಿ ಮಬ್ಬು ಹತ್ತಿಯ ಎಳೆಯಂತೆ ಬಂತು. ಅದು ಆ ನಕ್ಷತ್ರಗಳು ಹುಟ್ಟಿದ ಮೋಡವಲ್ಲ. ದಾರಿಯಲ್ಲಿ ಎದುರಾದ ಧೂಳು ಅವುಗಳ ಬೆಳಕನ್ನು ಚೆದುರಿಸುತ್ತಿದೆ. ಪ್ರಕಾಶಮಾನವಾದ ನಕ್ಷತ್ರಗಳು ಮಾತ್ರ ಬೆಳ್ಳಗೆ ಸುಟ್ಟುಹೋದವು. ಹಾಗಾಗಿ ಪುಷ್ಯದ ಬಳಿಯ ಎಂ44ಕ್ಕೆ ಹತ್ತು ಸೆಕೆಂಡಿನ ಚಿತ್ರಗಳನ್ನೇ ತೆಗೆದೆ, ಬಣ್ಣ ಉಳಿಯಿತು. ನೀಲಿಬಿಳಿ ನಕ್ಷತ್ರಗಳ ನಡುವೆ ಕೆಲವು ಕಿತ್ತಳೆ ಚುಕ್ಕೆಗಳು: ಎಂ44 ಅರವತ್ತು ಕೋಟಿ ವರ್ಷ ದಾಟಿದ ಗುಚ್ಛ, ಅದರ ಭಾರದ ನಕ್ಷತ್ರಗಳು ಆಗಲೇ ಮುಪ್ಪಾಗಿ ಉಬ್ಬಿವೆ. ಸುಮಾರು ಹತ್ತು ಕೋಟಿ ವರ್ಷದ ಕೃತ್ತಿಕೆಯಲ್ಲಿ ಆ ಬಣ್ಣ ಇಲ್ಲ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ವಯಸ್ಸಿನ ಅಂತರವನ್ನು ಕಣ್ಣಿನಿಂದಲೇ ಓದಬಹುದು.

ಹಾಗಾಗಿ ಒಂದೇ ಸಾಧನಕ್ಕೆ ದುಡ್ಡಿದ್ದವರಿಗೆ ನಾನು ಟ್ರ್ಯಾಕರ್ ಮತ್ತು 200 ಮಿ.ಮೀ. ಲೆನ್ಸನ್ನೇ ಹೇಳುತ್ತೇನೆ. ದೂರದರ್ಶಕವನ್ನು ಗೆಳೆಯನಿಗೆ ಹಿಂತಿರುಗಿಸಿದೆ, ಎಂ35ರ ಚಿತ್ರದ ಒಂದು ಪ್ರತಿಯನ್ನೂ ಜೊತೆಗೆ ಕೊಟ್ಟೆ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಬಬಲೇಶ್ವರದ ಕಡೆ ಹೋಗುತ್ತೇನೆ, ಅಲ್ಲಿ ದಕ್ಷಿಣದ ಆಕಾಶ ಕತ್ತಲಾಗಿರುತ್ತದೆ. ನಸುಕಿನ ನಾಲ್ಕೂವರೆಗೆ ಮೂಲಾ ನಕ್ಷತ್ರದ ಪಕ್ಕದ ಎಂ7 ಗುಚ್ಛ ಮೇಲೇರಿರುತ್ತದೆ. ಟೇಪಿನ ಸುರುಳಿಯನ್ನು ಈಗಲೇ ಚೀಲದಲ್ಲಿ ಹಾಕಿಟ್ಟಿದ್ದೇನೆ.