ಶರ್ಮನ್ ಫೈರ್‌ಫ್ಲೈ 1/35 ಕಿಟ್: ದೊಡ್ಡ ಗನ್ ಹೆಂಗೆ ಕೂರಿಸಿದ್ರು ಅನ್ನೋದು ಜೋಡಿಸ್ತಾ ಜೋಡಿಸ್ತಾ ಗೊತ್ತಾಗುತ್ತೆ

ಎರಡನೇ ಮಹಾಯುದ್ಧದ ಟ್ಯಾಂಕ್ ಮಾಡೆಲ್ ಕಟ್ಟೋರು ಧೈರ್ಯವಾಗಿ ತಗೋಬಹುದು. ಫೈರ್‌ಫ್ಲೈ ಅಂದ್ರೆ ಅಮೆರಿಕದ ಶರ್ಮನ್ ಟ್ಯಾಂಕಿಗೇ ಬ್ರಿಟಿಷರು ತಮ್ಮ ದೊಡ್ಡ ಗನ್ ಕೂರಿಸಿದ್ದು. ಬಾಕ್ಸ್ ತೆಗೆದ್ರೆ ಮುಕ್ಕಾಲು ಪಾಲು ಸ್ಪ್ರೂ (ಪಾರ್ಟ್‌ಗಳು ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು) ಮಾಮೂಲಿ ಎಂ4ಎ4 ಶರ್ಮನ್‌ದೇ, ಫೈರ್‌ಫ್ಲೈಗೆ ಅಂತ ಬೇರೆ ಕೊಟ್ಟಿರೋದು ಒಂದು ಚಿಕ್ಕ ಸ್ಪ್ರೂ ಅಷ್ಟೇ. ಹಳೇ ಕಿಟ್‌ಗೇ ನಾಲ್ಕು ಪಾರ್ಟ್ ಸೇರಿಸಿ ಮಾರ್ತಿದ್ದಾರೆ ಅಂತ ಬೈಬೇಡಿ, 1944ರಲ್ಲಿ ಬ್ರಿಟಿಷರು ನಿಜವಾದ ಟ್ಯಾಂಕಿಗೆ ಮಾಡಿದ್ದೂ ಇದನ್ನೇ, ಅದಕ್ಕೇ ನಂಗೆ ಈ ಕಿಟ್ ಇಷ್ಟ ಆಗಿದ್ದು.

ಶರ್ಮನ್‌ನ 75 ಎಂಎಂ ಗನ್ ಜರ್ಮನ್ನರ ಟೈಗರ್, ಪ್ಯಾಂಥರ್ ಟ್ಯಾಂಕ್‌ಗಳ ಮುಂಭಾಗಕ್ಕೆ ಸಾಲ್ತಿರಲಿಲ್ಲ. ಬ್ರಿಟಿಷರ ಹತ್ರ 17-ಪೌಂಡರ್ ಅನ್ನೋ ಜಾಸ್ತಿ ಶಕ್ತಿಯ ಗನ್ ಇತ್ತು ಆದ್ರೆ ಹೊಡೆದಾಗ ಅದು ಹಿಂದಕ್ಕೆ ಒದೆಯೋ ದೂರಕ್ಕೆ ಶರ್ಮನ್‌ನ ಟರೆಟ್‌ನಲ್ಲಿ (ಗನ್ ಇರೋ, ತಿರುಗೋ ಮೇಲ್ಭಾಗ) ಜಾಗ ಇಲ್ಲ, ಆಗಲ್ಲ ಬಿಡಿ ಅಂತ ಅಧಿಕಾರಿಗಳು ಕೈಬಿಟ್ಟಿದ್ರು. ಲುಲ್‌ವರ್ತ್ ಗನರಿ ಸ್ಕೂಲ್‌ನಲ್ಲಿ ಮೇಜರ್ ಬ್ರೈಟಿ, ಆಮೇಲೆ ವಿದರಿಜ್ ಪಟ್ಟು ಹಿಡಿದು ಕೂತ್ರು, ಕೊನೆಗೆ ವಿಕರ್ಸ್ ಕಂಪನಿಯ ಕಿಲ್‌ಬರ್ನ್ ಅನ್ನೋ ಎಂಜಿನಿಯರ್ ಒದೆತ ತಡೆಯೋ ರಿಕಾಯಿಲ್ ಸಿಲಿಂಡರ್‌ಗಳನ್ನ ಗಿಡ್ಡ ಮಾಡಿ, ಬ್ರೀಚ್‌ನ (ಶೆಲ್ ಹಾಕೋ ಗನ್‌ನ ಹಿಂಭಾಗ) 90 ಡಿಗ್ರಿ ತಿರುಗಿಸಿ ಮಲಗಿಸಿ, ಎಡಗಡೆ ಕೂತ ಲೋಡರ್‌ಗೆ ಶೆಲ್ ಹಾಕೋಕೆ ಆಗೋ ಹಂಗೆ ಮಾಡಿದ್ರು.

ಆ ಚಿಕ್ಕ ಸ್ಪ್ರೂನಲ್ಲಿ ಇರೋದೂ ಇದರ ಫಲಾನೇ. ಟರೆಟ್ ಹಿಂದೆ ಅಂಟಿಸೋ ಚೌಕದ ಡಬ್ಬ ಇದೆಯಲ್ಲ, ಅದು ರೇಡಿಯೋಗೆ. ಗನ್ ಹಿಂದಕ್ಕೆ ಬರೋ ಜಾಗದಲ್ಲಿ ರೇಡಿಯೋ ಅಡ್ಡ ಇತ್ತು, ಸೋ ಹಿಂದಿನ ಗೋಡೆಗೆ ತೂತು ಕೊರೆದು ಆಚೆ ಡಬ್ಬ ವೆಲ್ಡ್ ಮಾಡಿ ಅದ್ರೊಳಗೆ ಇಟ್ರು, ಉದ್ದ ಗನ್ ಭಾರಕ್ಕೆ ಹಿಂದಿಂದ ಸಮತೋಲನಾನೂ ಸಿಕ್ತು. ಮೇಲೆ ಲೋಡರ್‌ಗೆ ಅಂತ ಹೊಸ ಹ್ಯಾಚ್ (ಹತ್ತಿ ಇಳಿಯೋ ಬಾಗಿಲು). ಮುಂದೆ ಮೆಷಿನ್ ಗನ್ ಇದ್ದ ತೂತಿಗೆ ಒಂದು ಮುಚ್ಚಳ, ಯಾಕಂದ್ರೆ ಅಲ್ಲಿ ಕೂರ್ತಿದ್ದ ಐದನೇ ಆಳನ್ನ ಇಳಿಸಿ ಆ ಜಾಗಕ್ಕೆ ಶೆಲ್ ತುಂಬಿದ್ರು. ಎಂಜಿನ್, ಚಕ್ರ, ಟ್ರ್ಯಾಕ್ ಯಾವುದನ್ನೂ ಮುಟ್ಟೋ ಅಗತ್ಯಾನೇ ಇರಲಿಲ್ಲ!

ಅದಕ್ಕೇ ಸ್ಪೀಡು. ರಾಯಲ್ ಆರ್ಡನೆನ್ಸ್ ಫ್ಯಾಕ್ಟರಿಗಳಲ್ಲಿ 1944ರ ಜನವರಿಯಲ್ಲಿ ಕೆಲಸ ಶುರು, ಮೇ ಕೊನೆಗೆ 342 ರೆಡಿ, ಒಟ್ಟು 2,000ಕ್ಕೂ ಜಾಸ್ತಿ ಬದಲಾಯಿಸಿದ್ರು. ಇದೇ ಗನ್‌ಗೋಸ್ಕರ ಕ್ರಾಮ್‌ವೆಲ್ ಅನ್ನೋ ಬ್ರಿಟಿಷ್ ಟ್ಯಾಂಕನ್ನ ಉದ್ದ ಮಾಡಿ, ಚಕ್ರ ಜಾಸ್ತಿ ಮಾಡಿ, ಹೊಸ ಎತ್ತರದ ಟರೆಟ್ ಹಾಕಿ ಚಾಲೆಂಜರ್ ಅಂತ ಮಾಡಿದ್ರಲ್ಲ, ಅದು ಡಿ-ಡೇಗೆ (1944 ಜೂನ್ 6ರ ನಾರ್ಮಂಡಿ ದಾಳಿ) ಸಿಗಲೇ ಇಲ್ಲ, ಆಗಿದ್ದೇ 200. ಯುದ್ಧದ ಟೈಮಲ್ಲಿ ಕೈಲಿರೋದನ್ನ ತಿದ್ದೋದೇ ಜಾಣತನ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ.

ಫಿಟ್ಟಿಂಗ್ ಚೆನ್ನಾಗಿದೆ, ಬೋಗಿಗಳ (ಚಕ್ರದ ಜೋಡಿಗಳು) ನಡುವಿನ ಅಗಲವಾದ ಗ್ಯಾಪ್ ಸರಿಯಾಗಿ ತೋರ್ಸಿದ್ದಾರೆ (ಐದು ಕಾರ್ ಎಂಜಿನ್ ಒಟ್ಟಿಗೆ ಸೇರಿಸಿದ ಕ್ರೈಸ್ಲರ್ ಎಂಜಿನ್‌ಗೋಸ್ಕರ ಎಂ4ಎ4 ಬಾಡಿನೇ ಉದ್ದ). ರೇಡಿಯೋ ಡಬ್ಬದ ಜಾಯಿಂಟ್‌ಗೆ ಮಾತ್ರ ಸ್ವಲ್ಪ ಪುಟ್ಟಿ ಬೇಕು, ಆದ್ರೆ ಪೂರ್ತಿ ಉಜ್ಜಿ ನೈಸ್ ಮಾಡಬೇಡಿ, ಅಲ್ಲಿ ವೆಲ್ಡಿಂಗ್ ಗೆರೆ ಕಾಣಬೇಕು.

ಬೇಜಾರಿನ ವಿಷ್ಯ ಅಂದ್ರೆ ಟರೆಟ್ ಒಳಗೆ ಏನೂ ಇಲ್ಲ, ಖಾಲಿ. ಮಲಗಿಸಿದ ಬ್ರೀಚೇ ಈ ಟ್ಯಾಂಕಿನ ಜೀವ, ಅದನ್ನೇ ಕೊಡದೆ ಇದ್ರೆ ಹೊಸ ಹ್ಯಾಚ್ ತೆಗೆದಿಟ್ಟು ಏನು ತೋರಿಸೋದು? ಡೆಕಾಲ್‌ನಲ್ಲಿ (ಅಂಟಿಸೋ ಗುರುತುಗಳ ಶೀಟ್) ನಾರ್ಥಾಂಪ್ಟನ್‌ಶೈರ್ ಯೋಮನ್ರಿ ಅನ್ನೋ ಬ್ರಿಟಿಷ್ ದಳದ್ದೂ ಇಲ್ಲ, 1944 ಆಗಸ್ಟ್ 8ರಂದು ಆ ದಳದ ಗನ್ನರ್ ಜೋ ಎಕಿನ್ಸ್ ಮೂರು ಟೈಗರ್ ಹೊಡೆದ 'ವೆಲಿಕಿಯೆ ಲುಕಿ' ಅನ್ನೋ ಫೈರ್‌ಫ್ಲೈ ಮಾಡೋಣ ಅಂದ್ರೆ ಬೇರೆ ಶೀಟ್ ತರಿಸಬೇಕು. ಈ ಎರಡಕ್ಕೇ ಒಂದು ಸ್ಟಾರ್ ಕಟ್, 4/5.

ಪೇಂಟ್ ಮಾಡುವಾಗ ಬ್ಯಾರೆಲ್‌ನ ಮುಂದಿನ ಅರ್ಧ, ಕೆಳಭಾಗಕ್ಕೆ ಬಿಳಿ ಬಣ್ಣ ಅಂಕುಡೊಂಕಾಗಿ ಹಚ್ಚಿ. ಉದ್ದ ಗನ್ ಕಂಡ್ರೆ ಜರ್ಮನ್ನರು ಮೊದಲು ಅದಕ್ಕೇ ಹೊಡೀತಿದ್ರು, ದೂರದಿಂದ ಮಾಮೂಲಿ ಶರ್ಮನ್ ಥರ ಕಾಣ್ಲಿ ಅಂತ ಸೈನಿಕರು ಹಂಗೆ ಬಳೀತಿದ್ರು. ಬಾಕ್ಸ್ ಮೇಲಿನ ಚಿತ್ರದಲ್ಲಿ ಅದು ಇಲ್ಲ.