ಕಿವಿಯ ಮಿಷನ್, ಮಳೆಗಾಲ ಮತ್ತು ಫೋನ್ ಮಾಡುವ ಅಂಗಡಿ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಟೈಲರ್ ಒಬ್ಬಳ ಅನುಭವ

ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಂಡು ಕೆಲವು ವರ್ಷ ಆಯಿತು. ಕಿವಿಯ ಹಿಂದೆ ಕೂರುವ ಮಾದರಿ, ಒಳಗೆ ಕಿವಿಯ ಅಳತೆಗೆ ಮಾಡಿದ ಅಚ್ಚು, ನಡುವೆ ಒಂದು ಟ್ಯೂಬ್. 13 ನಂಬರಿನ ಬ್ಯಾಟರಿ, ಕಿತ್ತಳೆ ಸ್ಟಿಕ್ಕರಿನದ್ದು. ಎಷ್ಟು ಚಾನಲ್, ಏನು ಚಿಪ್ ಅನ್ನುವುದೆಲ್ಲ ಕಂಪನಿಯ ಕಾಗದದಲ್ಲಿ ಸಿಗುತ್ತದೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಮಿಷನ್ ಬಗ್ಗೆ ನನಗೆ ದೊಡ್ಡ ತಕರಾರು ಇಲ್ಲ. ತಕರಾರು ಮಾರಿದವರ ಮೇಲೆ.

ಜೋಡಿಗೆ ಐವತ್ತು ಸಾವಿರದ ಆಸುಪಾಸು ಕೊಟ್ಟೆ. ರವಿಕೆ, ಚೂಡಿದಾರ ಹೊಲಿದು ಬದುಕುವ ನನಗೆ ಅದು ದೊಡ್ಡ ಮೊತ್ತ. ಸರ್ಕಾರದ ಸಹಾಯ ಸಿಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 60 ಡೆಸಿಬಲ್ ನಷ್ಟ ಆದ ಮೇಲೇ ಲೆಕ್ಕ ಶುರು. ನನ್ನದು ಐವತ್ತರ ಹತ್ತಿರ. ಕಾಗದದಲ್ಲಿ ನನಗೆ ತೊಂದರೆ ಇಲ್ಲ. ಆದರೆ ಅಂಗಡಿಯಲ್ಲಿ ಗಿರಾಕಿ ಹೇಳಿದ ಅಳತೆ ಮೂವತ್ತಾರೋ ಮೂವತ್ತೇಳೋ ಗೊತ್ತಾಗದಿದ್ದರೆ ಬಟ್ಟೆ ಹಾಳಾಗುತ್ತದೆ ಅಲ್ವಾ?

ನನ್ನ ಹಾಗೆ ಕಿವಿ ಮಂದ ಆದವರಿಗೆ ಇದು ಗೊತ್ತಿರುತ್ತದೆ: ಸದ್ದು ಕೇಳುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ. ಅ, ಆ, ಓ ಇಂಥ ಸ್ವರಗಳು ದಪ್ಪ ಸದ್ದಿನವು, ಅವು ಸಿಗುತ್ತವೆ. ಸ, ಶ, ತ, ಕ ಇವೆಲ್ಲ ತೆಳು, ಕೀಚಲು. ಅವೇ ಮೊದಲು ಹೋಗುವುದು. 'ಹಾಲು' ಎಂದರೋ 'ಸಾಲು' ಎಂದರೋ 'ಕಾಲು' ಎಂದರೋ, ನನಗೆ ಮೂರೂ 'ಆಲು'. ಕೂಗಿ ಹೇಳಿದರೆ ದಪ್ಪ ಸದ್ದೇ ಇನ್ನಷ್ಟು ದಪ್ಪ ಆಗುತ್ತದೆ, ತೆಳು ಅಕ್ಷರ ಅಲ್ಲೇ ಉಳಿಯುತ್ತದೆ. ಮಿಷನ್ ಮಾಡುವ ಕೆಲಸ ಅಂದರೆ ಮುಖ್ಯವಾಗಿ ಆ ತೆಳು ಸದ್ದುಗಳನ್ನು ಎತ್ತಿ ಕೊಡುವುದು. ಅದನ್ನು ಇದು ಚೆನ್ನಾಗಿ ಮಾಡುತ್ತದೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಮಾತಲ್ಲ, ಬಾಬಿನ್. ಹೊಲಿಗೆ ಮಿಷನಿನಲ್ಲಿ ಕೆಳಗಿನ ನೂಲು ಮುಗಿಯುತ್ತಾ ಬಂದರೆ ಸದ್ದು ಸ್ವಲ್ಪ ಬದಲಾಗುತ್ತದೆ. ಬಾಬಿನ್ ಹಗುರಾಗಿ ಡಬ್ಬಿಯೊಳಗೆ ಸಣ್ಣಗೆ ಗಲಗಲ ಅನ್ನುತ್ತದೆ. ಹಳೇ ಟೈಲರುಗಳು ಆ ಸದ್ದು ಕೇಳಿಯೇ ಕಾಲು ನಿಲ್ಲಿಸುತ್ತಾರೆ. ಕಿವಿ ಮಂದ ಆದ ಮೇಲೆ ನನಗೆ ಅದು ನಿಂತೇ ಹೋಗಿತ್ತು. ಕೆಳಗೆ ನೂಲಿಲ್ಲದೆ ಮಾರುದ್ದ ಹೊಲಿದು, ತಿರುಗಿಸಿ ನೋಡಿದರೆ ಬರೀ ತೂತು. ಕಿವಿಗೆ ಮಿಷನ್ ಹಾಕಿದ ವಾರದಲ್ಲೇ ಆ ಗಲಗಲ ವಾಪಸ್ ಬಂತು. ಕತ್ತರಿ ಕಾಟನ್ ಬಟ್ಟೆಯಲ್ಲಿ ಹೋಗುವ ಸದ್ದೇ ಬೇರೆ, ರೇಷ್ಮೆಯಲ್ಲಿ ಹೋಗುವ ಸದ್ದೇ ಬೇರೆ. ಎರಡೂ ಈಗ ಕೇಳುತ್ತವೆ.

ದಿನದ ಆರೈಕೆ ಹೇಳುತ್ತೇನೆ, ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಬೆಳಿಗ್ಗೆ ಸ್ನಾನ ಆಗಿ, ತಲೆ ಪೂರ್ತಿ ಒಣಗಿ, ಎಣ್ಣೆ ಹಚ್ಚಿ ಕೈ ತೊಳೆದ ಮೇಲೆಯೇ ಹಾಕುವುದು. ತೆಂಗಿನೆಣ್ಣೆ ಮೈಕಿನ ತೂತಿಗೆ ಹೋದರೆ ಕೆಲಸ ಕೆಟ್ಟಿತು. ಹೊಸ ಬ್ಯಾಟರಿಯಾದರೆ ಸ್ಟಿಕ್ಕರ್ ಕಿತ್ತು ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಡುತ್ತೇನೆ. ಇವು ಗಾಳಿ ಕುಡಿದು ಕೆಲಸ ಮಾಡುವ ಬ್ಯಾಟರಿ, ತೂತಿನಿಂದ ಗಾಳಿ ಒಳಗೆ ಹೋಗಬೇಕು. ಒಮ್ಮೆ ಸ್ಟಿಕ್ಕರ್ ತೆಗೆದರೆ ಮತ್ತೆ ಅಂಟಿಸಿ ಉಳಿಸಲು ಆಗುವುದಿಲ್ಲ. ಮಕ್ಕಳ ಕೈಗೆ ಸಿಗದ ಕಡೆ ಇಡಿ, ನುಂಗಿದರೆ ತುಂಬಾ ಅಪಾಯ.

ರಾತ್ರಿ ಅಚ್ಚನ್ನು ಮಿಷನಿನಿಂದ ಬಿಡಿಸಿ ಉಗುರು ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ತೊಳೆಯುತ್ತೇನೆ. ಅಚ್ಚನ್ನು ಮಾತ್ರ, ಮಿಷನನ್ನಲ್ಲ. ಆಮೇಲೆ ರಬ್ಬರ್ ಬ್ಲೋವರಿನಲ್ಲಿ ಟ್ಯೂಬಿನೊಳಗೆ ಗಾಳಿ ಬಿಡುವುದು. ಒಂದು ಹನಿ ನೀರು ಟ್ಯೂಬಿನಲ್ಲಿ ಕೂತರೂ ಸದ್ದು ಬಂದ್. ಹನಿ ಹೊರಗೆ ಹಾರಿ ಅಂಗೈಗೆ ಬೀಳುವುದು ಗೊತ್ತಾಗುತ್ತದೆ. ಬ್ಯಾಟರಿ ತೆಗೆದು, ಅದರ ಗೂಡಿನ ಬಾಗಿಲು ತೆರೆದಿಟ್ಟು, ಮಿಷನನ್ನು ಸಿಲಿಕಾ ಜೆಲ್ ಡಬ್ಬಿಗೆ ಹಾಕಿ ಮುಚ್ಚಳ ಗಟ್ಟಿ ಮಾಡುತ್ತೇನೆ. ಜೆಲ್ಲಿನ ನೀಲಿ ಮಣಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿ ಆಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡಿ ಅಂತ ಹೇಳುವವರು ಉಂಟು. ಬೇಡ, ಅಕ್ಕಿಯ ಹುಡಿ ಮೈಕಿನೊಳಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ನಮ್ಮ ಮಳೆಗಾಲ ಬಿಡುವುದಿಲ್ಲ. ಜೂನಿನಿಂದ ಹಿಡಿದು ಬಟ್ಟೆ ಒಣಗುವುದಿಲ್ಲ, ಗೋಡೆ ಚಂಡಿ, ಬೆಂಕಿಪೆಟ್ಟಿಗೆ ಕೂಡ ಹೊತ್ತಿಕೊಳ್ಳುವುದಿಲ್ಲ. ಒಂದು ಆಟಿ ತಿಂಗಳಲ್ಲಿ, ನಡುಮಳೆಗಾಲದಲ್ಲಿ, ಎಡಗಿವಿಯದ್ದು ಕರಕರ ಅನ್ನಲು ಶುರು ಮಾಡಿ ನಿಂತಿತು. ಸ್ವಲ್ಪ ದಿನದಲ್ಲಿ ಬಲದ್ದೂ ಅದೇ ದಾರಿ ಹಿಡಿಯಿತು.

ಎರಡನ್ನೂ ತೆಗೆದುಕೊಂಡು, ಕೊಂಡ ಅಂಗಡಿಗೆ ಹೋದೆ. ಒಳಗೆ ತೇವ ಹೋಗಿ ತುಕ್ಕು ಹಿಡಿದಿದೆ, ಕಂಪನಿಗೆ ಕಳಿಸಬೇಕು ಎಂದರು. ಸರಿ. ಅಲ್ಲಿವರೆಗೆ ಹಾಕಿಕೊಳ್ಳಲು ಹಳೇ ಮಿಷನ್ ಏನಾದರೂ ಕೊಡುತ್ತೀರಾ ಎಂದರೆ ಇಲ್ಲ. ಯಾವಾಗ ಸಿಗುತ್ತದೆ ಎಂದರೆ, "ರೆಡಿಯಾದರೆ ಫೋನ್ ಮಾಡ್ತೇವೆ".

ನನಗೆ ಸಿಟ್ಟು ಬಂದದ್ದು ಅಲ್ಲಿ. ಕಿವಿ ಕೇಳದವರಿಗೆ ಮಿಷನ್ ಮಾರುವ ಅಂಗಡಿ ಅದು. ನನ್ನ ಎರಡೂ ಮಿಷನ್ ಅವರ ಕೈಯಲ್ಲೇ ಇತ್ತು. ಫೋನಿನಲ್ಲಿ ನನಗೆ ಏನೂ ಕೇಳುವುದಿಲ್ಲ ಅಂತ ಅವರೇ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ. ವಾಟ್ಸಾಪ್ ಮಾಡಿ ಎಂದೆ. ತಲೆ ಆಡಿಸಿದರು. ಆಮೇಲೆ ಮಾಡಿದ್ದು ಫೋನೇ. ಮಗಳು ಕಾಲೇಜಿನಲ್ಲಿ, ಇವರು ತೋಟದಲ್ಲಿ. ನಾನು ಎತ್ತಿದರೆ ಆಚೆಯಿಂದ ಏನೋ ಗುಂಯ್‌ಗುಡುತ್ತದೆ, ಅಷ್ಟೇ. ನಾನು ಮೆಸೇಜ್ ಹಾಕಿ ಕೇಳಿದರೆ ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಇಲ್ಲ. ಅಂಗಡಿಗೆ ಹೋಗಿ ಕೂತರೆ ಕೌಂಟರಿನ ಹುಡುಗ ತಲೆ ಬಗ್ಗಿಸಿಕೊಂಡೇ ಹೆಸರು ಕರೆಯುತ್ತಾನೆ. ಅಲ್ಲಿ ಕೂತವರಲ್ಲಿ ಯಾರಿಗೆ ಅದು ಕೇಳಬೇಕು? ನನ್ನ ಪಕ್ಕದಲ್ಲಿ ಕೂತ ಅಜ್ಜ ಒಬ್ಬರು ಅವರ ಸರದಿ ಹೋಗಿ ಎಷ್ಟು ಹೊತ್ತಾದರೂ ಸುಮ್ನೆ ಕಾಯುತ್ತಿದ್ದರು. ಒಂದು ಟೋಕನ್ ನಂಬರ್ ಬೋರ್ಡ್ ಇಟ್ಟರೆ ಮುಗಿಯುವ ಸಂಗತಿ ಇದು. ಒಂದು ಸಾಲು ಟೈಪ್ ಮಾಡಿದರೆ ಮುಗಿಯುವ ಸಂಗತಿ.

ಮಿಷನ್ ಬರಲು ವಾರಗಟ್ಟಲೆ ಹಿಡಿಯಿತು. ಬಂದ ಮೇಲೆ ಸದ್ದಿನ ಹೊಂದಾಣಿಕೆಯೂ ಸರಿ ಇರಲಿಲ್ಲ, ಎಡಗಡೆ ಸೀಟಿ ಹೊಡೆಯುತ್ತಿತ್ತು. ಅಲ್ಲಿಗೆ ಮತ್ತೆ ಹೋಗಲು ಮನಸ್ಸಾಗಲಿಲ್ಲ. ಮಗಳು ವಿಚಾರಿಸಿ, ಮಂಗಳೂರಿನಲ್ಲಿ ಕಿವಿ ಪರೀಕ್ಷೆ, ಮಿಷನ್ ಹೊಂದಿಸುವ ಕೆಲಸವನ್ನೇ ಕಲಿಸುವ ಒಂದು ಕಾಲೇಜಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಕುಂಬಳೆಗೆ ಹೋಗಿ ಅಲ್ಲಿಂದ ತಲಪಾಡಿ ದಾಟಿ ಹೋಗಬೇಕು. ಒಂದು ದಿನದ ಕೆಲಸ ಹೋಗುತ್ತದೆ. ಆದರೂ ಹೋಗಿ. ನನ್ನ ವಿಮರ್ಶೆಯ ಒಳ್ಳೆಯ ಭಾಗ ಇಲ್ಲಿಂದ ಶುರು.

ಮೊದಲನೆಯದಾಗಿ ಅವರು ಕನ್ನಡದಲ್ಲಿ ಪರೀಕ್ಷೆ ಮಾಡಿದರು. ಬರೀ ಕುಂಯ್ ಕುಂಯ್ ಸದ್ದಿನದ್ದಲ್ಲ, ಪದ ಹೇಳಿ ತಿರುಗಿ ಹೇಳಿಸುವ ಪರೀಕ್ಷೆ. ಹಳೇ ಅಂಗಡಿಯಲ್ಲಿ ಅದನ್ನು ಮಲಯಾಳಂನಲ್ಲಿ ಮಾಡಿದ್ದರು. ನನಗೆ ಮಲಯಾಳಂ ಬರುತ್ತದೆ, ಗಿರಾಕಿಗಳ ಜೊತೆ ದಿನವೂ ಮಾತಾಡುತ್ತೇನೆ. ಆದರೆ ಅರ್ಧ ಕೇಳಿದ ಪದವನ್ನು ಮನಸ್ಸು ಪೂರ್ತಿ ಮಾಡಿಕೊಳ್ಳುವುದು ಮನೆಮಾತಿನಲ್ಲಿ ಸಲೀಸು. ಬೇರೆ ಭಾಷೆಯಲ್ಲಿ ತಪ್ಪಿದರೆ ತಪ್ಪು ಕಿವಿಯದ್ದೋ ಭಾಷೆಯದ್ದೋ ಹೇಗೆ ಗೊತ್ತಾಗಬೇಕು? ಕನ್ನಡಕ್ಕೆ ಸರಿಯಾದ ಪದಪಟ್ಟಿಗಳು ಇವೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಯಾರಾದವು. ಕಾಸರಗೋಡಿನವರು ಪರೀಕ್ಷೆಗೆ ಹೋದಾಗ ನಮ್ಮ ಭಾಷೆಯಲ್ಲಿ ಮಾಡಿ ಅಂತ ಧೈರ್ಯವಾಗಿ ಕೇಳಿ. ನಮ್ಮ ಕೇರಳ ರಾಜ್ಯದಲ್ಲಿ ಮಾತು, ಕಿವಿಯ ತೊಂದರೆಗೆ ಇರುವ ದೊಡ್ಡ ಸಂಸ್ಥೆ ನಿಷ್ ಇರುವುದು ತಿರುವನಂತಪುರದಲ್ಲಿ, ರಾಜ್ಯದ ಆ ತುದಿ. ನಮಗೆ ಮಂಗಳೂರು, ಮೈಸೂರೇ ಹತ್ತಿರ.

ಆಮೇಲೆ ಇವರನ್ನೂ ಒಳಗೆ ಕೂರಿಸಿದರು. ಕಲಿಯುತ್ತಿರುವ ಹುಡುಗಿ ಒಬ್ಬಳು, ನಮ್ಮ ಮಗಳ ಪ್ರಾಯದವಳು. ಇವರಿಗೆ ಹೇಳಿದಳು: "ಮಾವ, ಮೊದಲು ಹೆಸರು ಕರೀರಿ. ಅತ್ತೆ ತಿರುಗಿ ನೋಡಿದ ಮೇಲೆ ಮಾತಾಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕೂಗಬೇಡಿ. ಅರ್ಥ ಆಗದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳಬೇಡಿ, ಬೇರೆ ರೀತಿ ಹೇಳಿ." ಅಷ್ಟರಲ್ಲಿ ಇವರ ಕೆನ್ನೆ ನೋಡಿದಳು. "ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮಾತಾಡಿದರೆ ಅತ್ತೆಗೆ ತುಟಿ ಕಾಣುವುದು ಹೇಗೆ?" ಇವರಿಗೆ ನಾಚಿಕೆಯಾಯಿತು. ಆದರೆ ಅವತ್ತಿನಿಂದ ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ಅಂಗಳಕ್ಕೆ ಹೋಗಿ ಉಗಿದು ಬಂದು ಎದುರು ಕೂತು ಹೇಳುತ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ಇವರು ಹೀಗೆ ಎದುರು ಕೂತು ಮಾತಾಡಿದ್ದು ಕಡಿಮೆ. ಐವತ್ತು ಸಾವಿರದ ಮಿಷನಿಗಿಂತ ಇದು ನನಗೆ ಜಾಸ್ತಿ ಉಪಕಾರ ಮಾಡಿದೆ.

ನನಗೂ ಪಾಠ ಕೊಟ್ಟರು. 'ಏನು?' ಅಂತ ಕೇಳಬಾರದು. ಕೇಳಿದಷ್ಟನ್ನು ಹೇಳಿ, ಬಿಟ್ಟುಹೋದದ್ದನ್ನು ಮಾತ್ರ ಕೇಳಬೇಕು. "ತೋಳು ಗಿಡ್ಡ ಅಂದ್ರಿ, ಎಷ್ಟು ಇಂಚು?" ಹೀಗೆ. ಗಿರಾಕಿಗೂ ಬೇಜಾರಾಗುವುದಿಲ್ಲ. ಪ, ಬ, ಮ ಮೂರೂ ತುಟಿಯಲ್ಲಿ ಒಂದೇ ಥರ ಕಾಣುತ್ತವೆ, ತುಟಿ ನೋಡಿ ಮಾತ್ರ ನಂಬಬೇಡಿ ಎಂದರು. ರಾತ್ರಿ ಊಟ ಆದ ಮೇಲೆ ಇವರು ನನ್ನ ಬೆನ್ನ ಹಿಂದೆ ಕೂತು ನನ್ನ ಅಳತೆ ಪುಸ್ತಕದಿಂದ ಓದುತ್ತಾರೆ. ಎದೆ ಮೂವತ್ತಾರು, ಸೊಂಟ ಮೂವತ್ತೊಂದು, ಉದ್ದ ಹದಿನಾಲ್ಕೂವರೆ. ನಾನು ತಿರುಗಿ ಹೇಳಬೇಕು. ಮೊದಮೊದಲು ಆರು, ಏಳು ಕಲಸಿಹೋಗುತ್ತಿತ್ತು. ಈಗ ಮಗಳು ಟಿವಿ ಹಾಕಿದ್ದರೂ ಹೇಳುತ್ತೇನೆ. ನನ್ನ ಕೆಲಸಕ್ಕೆ ಬೇಕಾದ ಪದಗಳಲ್ಲೇ ಅಭ್ಯಾಸ ಮಾಡಿ ಅಂತ ಆ ಹುಡುಗಿಯೇ ಹೇಳಿದ್ದು.

ಅಂಗಡಿಯ ಮಾಡು ಶೀಟಿನದ್ದು. ಜೋರು ಮಳೆ ಬಂದರೆ ಮಿಷನ್ ಮಳೆಯನ್ನೂ ದೊಡ್ಡದು ಮಾಡುತ್ತದೆ, ತಲೆಯೊಳಗೆ ಜಲ್ಲಿ ಸುರಿದ ಹಾಗೆ. ಅದಕ್ಕೆ ಇನ್ನೊಂದು ಪ್ರೋಗ್ರಾಂ ಹಾಕಿಕೊಟ್ಟಿದ್ದಾರೆ, ಗುಂಡಿ ಒತ್ತಿದರೆ ಸದ್ದು ತಗ್ಗುತ್ತದೆ. ಪೂರ್ತಿ ಪರಿಹಾರ ಅಲ್ಲ. ಆಗ ಗಿರಾಕಿಗಳಿಗೆ ಚೀಟಿ, ಪೆನ್ನು ಕೊಟ್ಟುಬಿಡುತ್ತೇನೆ. ಮಳೆ ಇಲ್ಲದಾಗ ಮೊಬೈಲಿನಲ್ಲಿ ಗೂಗಲಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ತೆರೆದು ಕತ್ತರಿಸುವ ಮೇಜಿನ ಮೇಲೆ ಚಾಕ್ ಡಬ್ಬಿಗೆ ಒರಗಿಸಿಡುತ್ತೇನೆ. ಮಾತಾಡಿದ್ದು ಅಕ್ಷರವಾಗಿ ಬರುತ್ತದೆ. ಪುಕ್ಕಟೆ. ಕನ್ನಡ, ಮಲಯಾಳಂ ಎರಡೂ ಉಂಟು, ಗಿರಾಕಿ ನೋಡಿ ಬದಲಾಯಿಸುವುದು. ತುಳುವಿನಲ್ಲಿ ಮಾತಾಡಿದರೆ ಏನೇನೋ ಕನ್ನಡ ಪದ ಬರೆಯುತ್ತದೆ, ಅದನ್ನು ನೋಡಿ ಹೊಲಿಯಲು ಕೂರಬೇಡಿ. ನಮ್ಮ ಕಡೆ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸುವವರೇ ಜಾಸ್ತಿ, ಅದಕ್ಕೂ ಇದು ಸೋಲುತ್ತದೆ.

ಈಗ ಕೊಳ್ಳುವವರಿಗೆ. ಮಿಷನಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ತೇವ ತಡೆಯದ್ದಕ್ಕೆ. ಮಾರಿದ ಅಂಗಡಿಗೆ ಒಂದು. ಮಂಗಳೂರಿನ ಕ್ಲಿನಿಕ್ಕಿಗೆ ಐದು, ಅಲ್ಲಿ ಎಲ್ಲವೂ ಮೆಸೇಜಿನಲ್ಲೇ ಬರುತ್ತದೆ, ಹತ್ತಿರ ಬಂದು ಭುಜ ಮುಟ್ಟಿ ಕರೆಯುತ್ತಾರೆ. ಹಣ ಕೊಡುವ ಮೊದಲು ಅಂಗಡಿಯವರಿಗೆ ಒಂದು ಮೆಸೇಜ್ ಹಾಕಿ ನೋಡಿ. ಬರೆದು ಉತ್ತರ ಕೊಡದವರ ಹತ್ತಿರ ಎಷ್ಟೇ ರಿಯಾಯಿತಿ ಸಿಕ್ಕರೂ ಬೇಡ. ರಿಪೇರಿಗೆ ಕೊಟ್ಟಾಗ ಬದಲಿ ಮಿಷನ್ ಸಿಗುತ್ತದಾ, ಟ್ಯೂಬ್ ಬದಲಾಯಿಸಲು ಎಷ್ಟು ಅಂತ ಕೇಳಿ. ಟ್ಯೂಬ್ ಕೆಲವು ತಿಂಗಳಿಗೆ ಗಟ್ಟಿಯಾಗಿ ಹಳದಿ ಆಗುತ್ತದೆ, ಬದಲಾಯಿಸಲೇಬೇಕು. ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಹಾಕಿದ್ದರೆ ಪ್ರಶ್ನೆ ಮಾಡಿ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ 13 ನಂಬರಿನ ಬ್ಯಾಟರಿ ಯಾವ ಮೆಡಿಕಲಿನಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಪ್ರತಿ ಸಲ ಮಂಗಳೂರಿನಿಂದ ತರಿಸುವುದು ಕಷ್ಟ ಆಗುತ್ತಿದೆ.